ವೃದ್ಧಾಶ್ರಮಗಳಲ್ಲಿ ನರ್ಸಿಂಗ್ ವಿದ್ಯಾರ್ಥಿಗಳ ತರಬೇತಿ ಮೇಲ್ವಿಚಾರಣೆ: ಮಲ್ಕಾಜ್‌ಗಿರಿ ಪರಿಸರ

ನರ್ಸಿಂಗ್ ಓದುವವರನ್ನು ವೃದ್ಧಾಶ್ರಮ, ಹಿರಿಯರ ಆರೈಕೆ ಕೇಂದ್ರ, ಡಿಮೆನ್ಷಿಯಾ ವಸತಿ ಮುಂತಾದ ಕಡೆ ಕ್ಲಿನಿಕಲ್ ಪೋಸ್ಟಿಂಗಿಗೆ ಕಳಿಸಿದಾಗ ಅವರಿಗೆ ಕೆಲಸ ಹಂಚುವುದು, ಹಾಸಿಗೆಯ ಪಕ್ಕದಲ್ಲಿ ನಿಂತು ಕಲಿಸುವುದು, ತಪ್ಪು ತಿದ್ದುವುದು, ಕೊನೆಗೆ ಅಂಕ ಕೊಡುವುದು ಎಲ್ಲವೂ ಮೇಲ್ವಿಚಾರಣೆಯಲ್ಲಿ ಸೇರುತ್ತದೆ. ಆಸ್ಪತ್ರೆಯ ವಾರ್ಡಿನಲ್ಲಿ ಈ ಹೊಣೆಯನ್ನು ಕಾಲೇಜಿನ ಟ್ಯೂಟರ್ ಮತ್ತು ವಾರ್ಡಿನ ಸಿಸ್ಟರ್ ಹಂಚಿಕೊಳ್ಳುತ್ತಾರೆ. ಭಾರತದ ಬಹುಪಾಲು ವೃದ್ಧಾಶ್ರಮಗಳಲ್ಲಿ ದಿನದ ಕೆಲಸವನ್ನು ಆಯಾಗಳು ಮತ್ತು ಅಟೆಂಡರುಗಳು ನಡೆಸುತ್ತಾರೆ. ನೋಂದಾಯಿತ ನರ್ಸ್ ಇದ್ದರೆ ಒಬ್ಬರು, ಅದೂ ಹಗಲು ಪಾಳಿಗೆ. ಹೀಗಾಗಿ ಆಸ್ಪತ್ರೆಗಿಂತ ಇಲ್ಲಿ ಕಾಲೇಜಿನ ಹೊಣೆ ದೊಡ್ಡದು. ವಾಸ್ತವದಲ್ಲಿ ಅತಿ ಹಗುರವಾಗಿ ನಡೆಯುವ ಪೋಸ್ಟಿಂಗೂ ಇದೇ.

ಪ್ರದೇಶದ ಹಿನ್ನೆಲೆ

ಮಲ್ಕಾಜ್‌ಗಿರಿ ಹೈದರಾಬಾದಿನ ಈಶಾನ್ಯ ಭಾಗದಲ್ಲಿ, ಸಿಕಂದರಾಬಾದಿಗೆ ತಾಗಿಕೊಂಡಿರುವ ಪ್ರದೇಶ. ಪ್ರತ್ಯೇಕ ಪುರಸಭೆಯಾಗಿದ್ದ ಇದು 2007ರಲ್ಲಿ ಗ್ರೇಟರ್ ಹೈದರಾಬಾದ್ ಮಹಾನಗರ ಪಾಲಿಕೆ ರಚನೆಯಾದಾಗ ಅದರಲ್ಲಿ ವಿಲೀನವಾಯಿತು. 2016ರ ಅಕ್ಟೋಬರ್ 11ರಂದು ತೆಲಂಗಾಣ ಸರ್ಕಾರ ಜಿಲ್ಲೆಗಳನ್ನು ಪುನರ್‌ವಿಂಗಡಿಸಿದಾಗ ರಂಗಾರೆಡ್ಡಿ ಜಿಲ್ಲೆಯಿಂದ ಬೇರ್ಪಟ್ಟು ಮೇಡ್ಚಲ್–ಮಲ್ಕಾಜ್‌ಗಿರಿ ಜಿಲ್ಲೆ ಹುಟ್ಟಿತು.

ಇಲ್ಲಿ ಹಿರಿಯರ ಸಂಖ್ಯೆ ಎದ್ದು ಕಾಣುವುದಕ್ಕೆ ನೌಕರಿಯ ಇತಿಹಾಸ ಕಾರಣ. 1966ರಲ್ಲಿ ಸಿಕಂದರಾಬಾದನ್ನು ಕೇಂದ್ರವಾಗಿಟ್ಟುಕೊಂಡು ದಕ್ಷಿಣ ಮಧ್ಯ ರೈಲ್ವೆ ಆರಂಭವಾಯಿತು. ಲಾಲಾಗುಡದ ರೈಲ್ವೆ ಕಾರ್ಖಾನೆ ಮತ್ತು ರೈಲ್ವೆ ಆಸ್ಪತ್ರೆ, ಮೌಲಾಲಿಯ ರೈಲ್ವೆ ನೆಲೆಗಳು ಕೂಗಳತೆಯಲ್ಲಿವೆ. ಇನ್ನೊಂದು ಪಕ್ಕದಲ್ಲಿ ದಂಡು ಪ್ರದೇಶ. ನಿವೃತ್ತ ಸೈನಿಕರ ಬಡಾವಣೆಯಾಗಿ ಬೆಳೆದ ಸೈನಿಕಪುರಿ ಅದರ ಫಲ. ನೌಕರಿಗೆಂದು ಬಂದವರು ಆನಂದಬಾಗ್, ಸಫಿಲ್‌ಗುಡ, ನೇರೇಡ್‌ಮೆಟ್ ಸುತ್ತ ಸೈಟು ಕೊಂಡು ಮನೆ ಕಟ್ಟಿ ನೆಲೆನಿಂತರು. ಮಕ್ಕಳು ಅಮೆರಿಕವನ್ನೋ ನಗರದ ಪಶ್ಚಿಮದ ಐಟಿ ಬಡಾವಣೆಗಳನ್ನೋ ಸೇರಿದ ಮೇಲೆ ಮನೆಯಲ್ಲಿ ಉಳಿದವರು ಮುದುಕರು. ಇಂಥ ಬೇಡಿಕೆಯಿಂದ ನಗರದ ಈ ಅಂಚಿನಲ್ಲಿ, ಮಲ್ಕಾಜ್‌ಗಿರಿಯಿಂದ ಅಲ್ವಾಲ್, ಕಾಪ್ರಾ, ಕೀಸರದವರೆಗೆ, ಬಾಡಿಗೆಯ ಬಹುಮಹಡಿ ಮನೆಗಳಲ್ಲಿ ಸಣ್ಣ ಸಣ್ಣ ಖಾಸಗಿ ವೃದ್ಧಾಶ್ರಮಗಳು ತಲೆಯೆತ್ತಿದವು. ಧಾರ್ಮಿಕ ಸಂಸ್ಥೆಗಳದ್ದು ಇದಕ್ಕಿಂತ ಹಳೆಯ ಪರಂಪರೆ: ಬೆಂಗಳೂರಿನಲ್ಲಿ 1900ರಿಂದ ವೃದ್ಧಾಶ್ರಮ ನಡೆಸುತ್ತಿರುವ ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್ ಪಂಗಡದ ಇನ್ನೊಂದು ಆಶ್ರಮ ಸಿಕಂದರಾಬಾದಿನಲ್ಲಿದೆ.

ಎಲ್ಲವೂ ಒಳ್ಳೆಯ ಆಶ್ರಮಗಳೆಂದು ಹೇಳುವಂತಿಲ್ಲ. 2020ರ ಜನವರಿಯಲ್ಲಿ ಇದೇ ಜಿಲ್ಲೆಯ ನಾಗಾರಂನಲ್ಲಿ ಅನುಮತಿಯಿಲ್ಲದ ಆಶ್ರಯಧಾಮವೊಂದಕ್ಕೆ ಪೊಲೀಸರು ನುಗ್ಗಿ, ಹಿಂಸೆಗೆ ಒಳಗಾಗಿದ್ದ 70ಕ್ಕೂ ಹೆಚ್ಚು ಮಂದಿ ವೃದ್ಧರು ಮತ್ತು ಮನೋರೋಗಿಗಳನ್ನು ಬಿಡಿಸಿದರು. ಪೋಸ್ಟಿಂಗಿಗೆ ಜಾಗ ಆರಿಸುವ ಕಾಲೇಜು ಮೊದಲು ನೋಂದಣಿ ಪತ್ರ ಕೇಳಬೇಕಾದದ್ದು ಏಕೆಂಬುದಕ್ಕೆ ಈ ಒಂದು ಘಟನೆ ಸಾಕು.

ಕಾನೂನು ಮತ್ತು ಪಠ್ಯಕ್ರಮ

ಭಾರತದಲ್ಲಿ 60 ದಾಟಿದವರು ಹಿರಿಯ ನಾಗರಿಕರು. 2011ರ ಜನಗಣತಿಯಲ್ಲಿ ಅವರ ಸಂಖ್ಯೆ ಸುಮಾರು 10.4 ಕೋಟಿ. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯಿದೆ, 2007ರ 19ನೆಯ ಕಲಮು, ಪ್ರತಿ ಜಿಲ್ಲೆಯಲ್ಲೂ ಕನಿಷ್ಠ 150 ಮಂದಿ ನಿರ್ಗತಿಕ ಹಿರಿಯರಿಗೆ ಸ್ಥಳವಿರುವ ವೃದ್ಧಾಶ್ರಮವನ್ನು ರಾಜ್ಯ ಸರ್ಕಾರ ತೆರೆಯಬಹುದೆಂದು ಹೇಳುತ್ತದೆ. ಹಿರಿಯರ ಸಹಾಯವಾಣಿ 14567 ಹೈದರಾಬಾದಿನಲ್ಲಿ ಟಾಟಾ ಟ್ರಸ್ಟ್ಸ್ ಮತ್ತು ವಿಜಯವಾಹಿನಿ ಪ್ರತಿಷ್ಠಾನದ ಪ್ರಯತ್ನವಾಗಿ ಶುರುವಾಗಿ 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು.

ನರ್ಸಿಂಗ್ ಶಿಕ್ಷಣದ ಮಟ್ಟವನ್ನು ಬಹುಕಾಲ ನಿಗದಿಪಡಿಸಿದ್ದು 1947ರ ಕಾಯಿದೆಯಡಿ ಸ್ಥಾಪಿತವಾದ ಭಾರತೀಯ ನರ್ಸಿಂಗ್ ಪರಿಷತ್ತು. ಆ ಕಾಯಿದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗ ಕಾಯಿದೆ ಬಂದಿದೆ. ಪದವಿ, ಪರೀಕ್ಷೆಗಳನ್ನು ತೆಲಂಗಾಣದಲ್ಲಿ ವಾರಂಗಲ್‌ನ ಕಾಳೋಜಿ ನಾರಾಯಣರಾವ್ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯ, ಕರ್ನಾಟಕದಲ್ಲಿ 1996ರಲ್ಲಿ ಆರಂಭವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ನೋಡಿಕೊಳ್ಳುತ್ತವೆ.

2021ರಲ್ಲಿ ರಾಜ್ಯಪತ್ರದಲ್ಲಿ ಪ್ರಕಟವಾದ ಪರಿಷ್ಕೃತ ಬಿ.ಎಸ್ಸಿ. ನರ್ಸಿಂಗ್ ನಿಯಮಾವಳಿ ನಾಲ್ಕು ವರ್ಷಗಳನ್ನು ಎಂಟು ಸೆಮಿಸ್ಟರುಗಳಾಗಿ ವಿಂಗಡಿಸಿತು. ನಾಲ್ಕನೆಯ ಸೆಮಿಸ್ಟರಿನ ‘ವಯಸ್ಕರ ಆರೋಗ್ಯ ನರ್ಸಿಂಗ್–2’ ವಿಷಯದೊಳಗೆ ವೃದ್ಧರ ಶುಶ್ರೂಷೆ ಸೇರಿದೆ; ಅದರ ಜೊತೆಗೇ ಉಪಶಾಮಕ ಆರೈಕೆಯ ಪಾಠವೂ ಇದೆ. ಈ ವಿಷಯಕ್ಕೆ ಒಟ್ಟು 480 ಗಂಟೆಗಳ ಕ್ಲಿನಿಕಲ್ ಕೆಲಸ. ಆದರೆ ಕಣ್ಣು, ಕಿವಿ-ಮೂಗು-ಗಂಟಲು, ಸುಟ್ಟಗಾಯ, ನರರೋಗ, ಕ್ಯಾನ್ಸರ್, ತುರ್ತು ಚಿಕಿತ್ಸೆ, ತೀವ್ರ ನಿಗಾ ಎಲ್ಲಕ್ಕೂ ಹಂಚಿದ ಮೇಲೆ ವೃದ್ಧರ ಪಾಲಿಗೆ ಉಳಿಯುವುದು ಸಣ್ಣ ತುಂಡು. ಸಮುದಾಯ ಆರೋಗ್ಯ ಮತ್ತು ಮನೋರೋಗ ಶುಶ್ರೂಷೆಯ ಪೋಸ್ಟಿಂಗುಗಳಲ್ಲೂ ಕಾಲೇಜುಗಳು ವೃದ್ಧಾಶ್ರಮಕ್ಕೆ ಭೇಟಿ ಏರ್ಪಡಿಸುವುದುಂಟು. ಥಿಯರಿಗೆ ಶೇ. 80 ಹಾಜರಿ ಸಾಕು. ಪ್ರಾಯೋಗಿಕ ಮತ್ತು ಕ್ಲಿನಿಕಲ್ ಕೆಲಸಕ್ಕೆ ಮಾತ್ರ ಪದವಿ ಪಡೆಯುವ ಮೊದಲು ಶೇ. 100 ತುಂಬಲೇಬೇಕು. ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಶಿಕ್ಷಕರೆಂಬುದು ಪರಿಷತ್ತಿನ ಲೆಕ್ಕ. ವೃದ್ಧರ ಶುಶ್ರೂಷೆಯಲ್ಲೇ ಮುಂದುವರಿಯಬಯಸುವ ನರ್ಸ್‌ಗಳಿಗೆ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ ಇದೆ.

ಹತ್ತಕ್ಕೊಬ್ಬರೆಂಬ ಲೆಕ್ಕ ಒಂದೇ ಹಾಲಿನಲ್ಲಿ ಸಾಲಾಗಿ ಮಂಚಗಳಿರುವ ವಾರ್ಡಿಗೆ ಹೊಂದುತ್ತದೆ. ಮೂರು ಮಹಡಿಗಳಲ್ಲಿ, ಬಾಗಿಲು ಮುಚ್ಚಿದ ಕೋಣೆಗಳಲ್ಲಿ ಹರಡಿಕೊಂಡ ಹತ್ತು ವಿದ್ಯಾರ್ಥಿಗಳನ್ನು ಒಬ್ಬ ಟ್ಯೂಟರ್ ನೋಡಿಕೊಳ್ಳುವುದಾಗದ ಮಾತು. ಅನುಭವಿ ಕಾಲೇಜುಗಳು ಆಶ್ರಮಕ್ಕೆ ಒಂದು ಸಲಕ್ಕೆ ಸಣ್ಣ ತಂಡ ಕಳಿಸಿ, ಉಳಿದವರನ್ನು ಹತ್ತಿರದ ಆಸ್ಪತ್ರೆಯಲ್ಲಿಟ್ಟು ಸರದಿ ಬದಲಿಸುತ್ತವೆ.

ಮೇಲ್ವಿಚಾರಕರು ಮತ್ತು ಒಪ್ಪಂದ

ಮೇಲ್ವಿಚಾರಣೆಯಲ್ಲಿ ಮೂವರ ಪಾತ್ರವಿದೆ. ಕಾಲೇಜಿನ ಟ್ಯೂಟರ್ ಅಥವಾ ಕ್ಲಿನಿಕಲ್ ಇನ್‌ಸ್ಟ್ರಕ್ಟರ್ ಕಲಿಕೆಯ ಗುರಿ, ಹಂಚಿಕೆ, ಅಂಕಗಳಿಗೆ ಜವಾಬ್ದಾರರು. ಆಶ್ರಮದ ನರ್ಸ್ ಪ್ರಿಸೆಪ್ಟರ್ ಆಗಿ, ತಾವು ಮಾಡುವ ಕೆಲಸದೊಳಗೇ ಕಲಿಸುವವರು. ಮೂರನೆಯವರು ವರ್ಷಗಟ್ಟಲೆ ಅಲ್ಲೇ ದುಡಿದ ಆಯಾ. ಯಾರಿಗೆ ಯಾವ ಮಗ್ಗುಲು ನೋವು, ಯಾರು ಮಾತ್ರೆಯನ್ನು ನಾಲಗೆಯಡಿ ಇಟ್ಟುಕೊಂಡು ಆಮೇಲೆ ಉಗಿಯುತ್ತಾರೆ ಎಂಬುದು ಆಕೆಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿರುವುದಿಲ್ಲ. ಒಳ್ಳೆಯ ಟ್ಯೂಟರ್ ಮೊದಲ ದಿನವೇ ವಿದ್ಯಾರ್ಥಿಗಳನ್ನು ಆಯಾಗೆ ಪರಿಚಯಿಸಿ, ಆಕೆಯಿಂದ ಏನು ಕೇಳಿ ತಿಳಿಯಬೇಕು, ಯಾವ ಅಭ್ಯಾಸವನ್ನು ಮಾತ್ರ ಅನುಸರಿಸಬಾರದು ಎಂಬುದನ್ನು ಬಿಡಿಸಿ ಹೇಳುತ್ತಾರೆ. ತೋಳು ಹಿಡಿದೆಳೆದು ಎಬ್ಬಿಸುವುದು ಅಂಥದೊಂದು ಅಭ್ಯಾಸ.

ಕಾಲೇಜು ಮತ್ತು ಆಶ್ರಮದ ನಡುವೆ ಲಿಖಿತ ಒಪ್ಪಂದವಿರಬೇಕು. ವಿದ್ಯಾರ್ಥಿಗಳು ಏನು ಮಾಡಬಹುದು, ಏನು ಮಾಡಕೂಡದು, ತುರ್ತಿನಲ್ಲಿ ಯಾವ ಆಸ್ಪತ್ರೆಗೆ ಒಯ್ಯಬೇಕು, ಸೂಜಿ ಚುಚ್ಚಿಕೊಂಡರೆ ಖರ್ಚು ಯಾರದು, ಹೆಣ್ಣುಮಕ್ಕಳು ಸಂಜೆ ಎಷ್ಟು ಹೊತ್ತಿಗೆ ಹೊರಡಬೇಕು ಎಂಬವೆಲ್ಲ ಅದರಲ್ಲಿ ಸೇರುತ್ತವೆ. ಹೊರಡುವ ಮೊದಲು ವಿದ್ಯಾರ್ಥಿಗಳಿಗೆ ಹೆಪಟೈಟಿಸ್–ಬಿ ಲಸಿಕೆ ಆಗಿರಬೇಕು. ಕೆಮ್ಮು, ಜ್ವರ ಇದ್ದವರನ್ನು ಕಳಿಸಬಾರದು. ಕೋವಿಡ್ ಕಾಲದಲ್ಲಿ ಆಶ್ರಮಗಳು ಹೊರಗಿನವರಿಗೆ ಬಾಗಿಲು ಮುಚ್ಚಿದ್ದು ಈ ಎಚ್ಚರವನ್ನು ಗಟ್ಟಿಗೊಳಿಸಿತು.

ಪೋಸ್ಟಿಂಗಿನ ದಿನಚರಿ

ದಿನ ಶುರುವಾಗುವುದು ಹದಿನೈದು ಇಪ್ಪತ್ತು ನಿಮಿಷದ ಪ್ರಿ-ಕಾನ್ಫರೆನ್ಸಿನಿಂದ. ಯಾರಿಗೆ ಯಾವ ಹಿರಿಯರು, ಇಂದಿನ ಗುರಿ ಏನು, ಯಾವ ಕೆಲಸಕ್ಕೆ ಟ್ಯೂಟರನ್ನು ಕರೆಯಲೇಬೇಕು ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಮಧ್ಯಾಹ್ನ ಪೋಸ್ಟ್-ಕಾನ್ಫರೆನ್ಸ್, ಕಂಡದ್ದು, ಮಾಡಿದ್ದು, ಗೊಂದಲವಾದದ್ದು ಅಲ್ಲಿ ಚರ್ಚೆಗೆ ಬರುತ್ತದೆ. ಎರಡರ ನಡುವೆ ಟ್ಯೂಟರ್ ಕೋಣೆಯಿಂದ ಕೋಣೆಗೆ ತಿರುಗುತ್ತಿರಬೇಕು. ಆಫೀಸಿನಲ್ಲಿ ಕುಳಿತು ಲಾಗ್ ಬುಕ್ಕಿಗೆ ಸಹಿ ಹಾಕುವುದನ್ನು ಮೇಲ್ವಿಚಾರಣೆ ಎನ್ನಲಾಗದು.

ಕಲಿಕೆಯ ತಿರುಳು ಹಿರಿಯರ ಸಮಗ್ರ ತಪಾಸಣೆ. ಸ್ನಾನ, ಉಡುಪು, ಶೌಚ, ಊಟ, ಓಡಾಟಗಳಲ್ಲಿ ಎಷ್ಟು ಸ್ವತಂತ್ರರೆಂದು ಅಳೆಯಲು ಕಾಟ್ಜ್ ಸೂಚಿ ಅಥವಾ ಬಾರ್ಥೆಲ್ ಸೂಚಿ, ಬೆಡ್‌ಸೋರ್ ಅಪಾಯಕ್ಕೆ ಬ್ರೇಡನ್ ಮಾಪಕ, ಬೀಳುವ ಅಪಾಯಕ್ಕೆ ಮೋರ್ಸ್ ಮಾಪಕ ಬಳಕೆಯಲ್ಲಿವೆ. ಫಾರಂ ತುಂಬುವುದನ್ನು ಒಂದೇ ದಿನದಲ್ಲಿ ಕಲಿಯಬಹುದು. ಅಂಕಿಯ ಹಿಂದಿನ ಮನುಷ್ಯರನ್ನು ನೋಡುವುದಕ್ಕೆ ಟ್ಯೂಟರ್ ಜೊತೆಗಿರಬೇಕು.

ಬೆಡ್‌ಸೋರ್ ತಪಾಸಣೆಯನ್ನೇ ತೆಗೆದುಕೊಳ್ಳಬಹುದು. ಮಲಗಿದಲ್ಲೇ ಇರುವ ಅಜ್ಜಿಯ ಮಗ್ಗುಲನ್ನು ಸುಮಾರು ಎರಡು ಗಂಟೆಗೊಮ್ಮೆ ಬದಲಿಸಬೇಕೆಂದು ವಿದ್ಯಾರ್ಥಿನಿ ಪುಸ್ತಕದಲ್ಲಿ ಓದಿರುತ್ತಾಳೆ. ಹಾಸಿಗೆಯ ಬಳಿ ಆಕೆ ಬೆನ್ನು ನೋಡಿ “ಏನೂ ಇಲ್ಲ ಮೇಡಂ” ಎನ್ನುತ್ತಾಳೆ. ಟ್ಯೂಟರ್ ಬಾಲದ ಮೂಳೆಯ ಮೇಲಿನ ಚರ್ಮವನ್ನು ಬೆರಳಿಂದ ಮೆಲ್ಲಗೆ ಒತ್ತಿ ಬಿಡುತ್ತಾರೆ. ಒತ್ತಿದ ಜಾಗ ಬಿಳಿಚಿಕೊಂಡು ಮತ್ತೆ ಬಣ್ಣ ತಿರುಗಿದರೆ ರಕ್ತಸಂಚಾರವಿದೆ. ಬಿಳಿಚದೆ ಹಾಗೇ ಉಳಿದರೆ ಹುಣ್ಣಿನ ಮೊದಲ ಹಂತ. ಕಪ್ಪು ಚರ್ಮದಲ್ಲಿ ಕೆಂಪು ಕಾಣಿಸುವುದೇ ಕಷ್ಟ, ಆದ್ದರಿಂದ ಅಂಗೈಯ ಹಿಂಬದಿಯಿಂದ ಮುಟ್ಟಿ ಅಕ್ಕಪಕ್ಕಕ್ಕಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ನೋಡಬೇಕು. ಆಮೇಲೆ ಹಿಮ್ಮಡಿ, ಸೊಂಟದ ಬದಿ, ಮೊಣಕೈ, ಕಿವಿಯ ಹಿಂಭಾಗ. ಈ ಐದು ನಿಮಿಷದ ಪಾಠವನ್ನು ತರಗತಿಯ ಬೊಂಬೆಯ ಮೇಲೆ ಕಲಿಸಲಾಗದು.

ಊಟ ಮಾಡಿಸುವುದು ಇನ್ನೊಂದು ಪಾಠ. ಪಾರ್ಶ್ವವಾಯು ಆದವರನ್ನು ನೆಟ್ಟಗೆ ಕೂರಿಸಿ, ಗಲ್ಲ ತುಸು ತಗ್ಗಿಸಿ, ಸಣ್ಣ ಚಮಚದಲ್ಲಿ ಕೊಟ್ಟು, ನುಂಗಿದ್ದು ಖಚಿತವಾದ ಮೇಲೆ ಮುಂದಿನ ತುತ್ತು. ಊಟವಾದ ಅರ್ಧ ಗಂಟೆ ಮಲಗಿಸಬಾರದು. ಅವಸರಪಟ್ಟರೆ ಅನ್ನ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆದೀತು. ಬಿಪಿ ಅಳೆಯುವುದೂ ಇಲ್ಲಿ ಬೇರೆ ರೀತಿ: ಮಲಗಿದ್ದಾಗ ಒಮ್ಮೆ, ಎದ್ದು ನಿಂತ ಒಂದನೆಯ ಮತ್ತು ಮೂರನೆಯ ನಿಮಿಷಕ್ಕೆ ಒಮ್ಮೊಮ್ಮೆ. ಮೇಲಿನ ಅಂಕಿ 20 ಅಥವಾ ಕೆಳಗಿನದು 10ರಷ್ಟು ಇಳಿದರೆ, ರಾತ್ರಿ ಬಚ್ಚಲಿಗೆ ಹೋಗುವಾಗ ಆ ಅಜ್ಜ ಬೀಳುವ ಸಂಭವ ಹೆಚ್ಚು.

ನಿನ್ನೆಯವರೆಗೆ ಸರಿಯಾಗಿದ್ದವರು ಇವತ್ತು ಬಡಬಡಿಸತೊಡಗಿದರೆ ಆಶ್ರಮದಲ್ಲಿ ಕೇಳಿಬರುವ ಮಾತು “ವಯಸ್ಸಾಯ್ತಲ್ಲ” ಎಂದು. ಮೂತ್ರದ ಸೋಂಕು, ನೀರಿನ ಕೊರತೆ, ಮಲಬದ್ಧತೆ, ಹೊಸದಾಗಿ ಶುರುಮಾಡಿದ ಮಾತ್ರೆ, ರಕ್ತದ ಸಕ್ಕರೆ ಇಳಿದದ್ದು ಇವುಗಳಲ್ಲಿ ಯಾವುದೂ ಕಾರಣವಾಗಿರಬಹುದು. ದಿಢೀರನೆ ಬರುವ ಡೆಲಿರಿಯಂ ಮತ್ತು ಮೆಲ್ಲಮೆಲ್ಲನೆ ಕವಿಯುವ ಡಿಮೆನ್ಷಿಯಾಗಳ ವ್ಯತ್ಯಾಸ ಕಲಿಯಲು ಆಶ್ರಮಕ್ಕಿಂತ ಒಳ್ಳೆಯ ಶಾಲೆಯಿಲ್ಲ. ಒಬ್ಬರನ್ನೇ ದಿನಾ ನೋಡುವ ಅವಕಾಶ ಸಿಗುವುದು ಇಲ್ಲಿಯೇ.

ಔಷಧಿಯ ವಿಚಾರದಲ್ಲಿ ನಿಯಮ ಬಿಗಿಯಾಗಿರಬೇಕು. ನೋಂದಾಯಿತ ನರ್ಸ್ ಪಕ್ಕದಲ್ಲಿಲ್ಲದೆ ವಿದ್ಯಾರ್ಥಿಗಳು ಮಾತ್ರೆಯಾಗಲಿ ಇನ್ಸುಲಿನ್ ಆಗಲಿ ಕೊಡಬಾರದು. ಬೇರೆ ಬೇರೆ ವೈದ್ಯರು ಬರೆದ ಚೀಟಿಗಳನ್ನೂ ಡಬ್ಬಿಯಲ್ಲಿರುವ ಮಾತ್ರೆಗಳನ್ನೂ ಹೋಲಿಸಿ ಪಟ್ಟಿ ಮಾಡುವುದು ಮಾತ್ರ ಅವರಿಗೆ ತಕ್ಕ ಕೆಲಸ. ಒಂದೇ ಔಷಧಿ ಎರಡು ಹೆಸರಲ್ಲಿ ಎರಡು ಸಲ ಹೋಗುತ್ತಿರುವುದು ಈ ಪಟ್ಟಿಯಲ್ಲಿ ಬೆಳಕಿಗೆ ಬರಬಹುದು. ಅದನ್ನು ವೈದ್ಯರಿಗೆ ತಿಳಿಸುವುದು ಟ್ಯೂಟರ್ ಮತ್ತು ಆಶ್ರಮದ ನರ್ಸ್‌ಗೆ ಸೇರಿದ್ದು.

ಭಾಷೆ ಮತ್ತು ಸಂಬಂಧ

ಮಲ್ಕಾಜ್‌ಗಿರಿಯಂಥ ರೈಲ್ವೆ, ಸೈನ್ಯದ ನೆರೆಯ ಊರಿನಲ್ಲಿ ಒಂದೇ ಮಹಡಿಯಲ್ಲಿ ತೆಲುಗು, ದಖನಿ, ತಮಿಳು, ಮರಾಠಿ, ಕನ್ನಡ ಮಾತುಗಳು ಕೇಳಿಬರುವುದು ಸಹಜ. 1956ರ ನವೆಂಬರ್ 1ರವರೆಗೆ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಓದು, ನೌಕರಿಗೆಂದು ಅಲ್ಲಿಂದ ಬಂದು ಉಳಿದ ಕನ್ನಡ ಕುಟುಂಬಗಳು ಕಾಚಿಗುಡ ಮುಂತಾದೆಡೆ ಶಾಲೆ, ಸಂಘಗಳನ್ನು ಕಟ್ಟಿಕೊಂಡವು. ಆ ತಲೆಮಾರಿನವರು ಈಗ ಆರೈಕೆ ಬೇಡುವ ವಯಸ್ಸಿನಲ್ಲಿದ್ದಾರೆ.

ಹಲವು ಭಾಷೆಗಳ ಬಾಳು ಮೆದುಳಿಗೆ ಒಳಿತೆಂಬ ಹೆಸರಾಂತ ಅಧ್ಯಯನ ನಡೆದದ್ದೂ ಹೈದರಾಬಾದಿನಲ್ಲೇ. ನಿಜಾಮ್ಸ್ ಇನ್‌ಸ್ಟಿಟ್ಯೂಟ್ ಆಫ್ ಮೆಡಿಕಲ್ ಸೈನ್ಸಸ್‌ನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ಡಿಮೆನ್ಷಿಯಾ ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ವರದಿಯಂತೆ, ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದುಬರಹ ಬಾರದವರಲ್ಲೂ ಈ ಅಂತರವಿತ್ತು. ಆದರೆ ಕಾಯಿಲೆ ಬಲಿತಂತೆ ಆಮೇಲೆ ಕಲಿತ ಭಾಷೆ ಮೊದಲು ಜಾರುತ್ತದೆ, ತಾಯ್ನುಡಿ ಉಳಿಯುತ್ತದೆ ಎಂಬುದು ಆರೈಕೆ ಮಾಡುವವರು ಆಗಾಗ ಕಾಣುವ ಸಂಗತಿ. ಐವತ್ತು ವರ್ಷ ಕಚೇರಿಯಲ್ಲಿ ತೆಲುಗು ಆಡಿದವರು “ನೀರ ಕೊಡವ್ವಾ” ಎಂದು ಕನ್ನಡದಲ್ಲೇ ಕೇಳಿದಾಗ ಬೇರೆ ರಾಜ್ಯದ ವಿದ್ಯಾರ್ಥಿನಿಗೆ ಅರ್ಥವಾಗಬೇಕಲ್ಲ. ನೀರು, ನೋವು, ಬಚ್ಚಲು, ಚಳಿ, ಹಸಿವು ಇಂಥ ಹತ್ತಿಪ್ಪತ್ತು ಪದಗಳನ್ನು ಅವರವರ ಭಾಷೆಯಲ್ಲಿ ಬರೆದು ಮಂಚದ ಬಳಿ ಅಂಟಿಸುವುದು ಅಗ್ಗದ, ಫಲಕಾರಿ ಉಪಾಯ. ಹಂಚಿಕೆ ಮಾಡುವಾಗಲೇ ಭಾಷೆ ಹೊಂದಿಸಿದರೆ ಇನ್ನೂ ಒಳ್ಳೆಯದು.

ಕರೆಯುವ ರೀತಿಯಲ್ಲೂ ಎಚ್ಚರ ಬೇಕು. ತಾತಗಾರು, ಅಮ್ಮಮ್ಮ, ಅಜ್ಜ ಎಂದರೆ ಹೆಚ್ಚಿನವರಿಗೆ ಹಿತ; ನಿವೃತ್ತ ಸುಬೇದಾರರಿಗೋ ಹೆಡ್‌ಮೇಷ್ಟ್ರಿಗೋ ‘ಸಾರ್’ ಎನಿಸಿಕೊಳ್ಳುವುದೇ ಇಷ್ಟವಾಗಿರಬಹುದು. ಕೇಳಿ ತಿಳಿಯುವುದು ಮೊದಲ ದಿನದ ಕೆಲಸ. ಬಟ್ಟೆ ಬದಲಿಸುವಾಗ ಪರದೆ, ಮುಟ್ಟುವ ಮುನ್ನ ಒಪ್ಪಿಗೆ, ಫೋಟೊ ಮತ್ತು ರೀಲ್ಸ್‌ಗೆ ಕಡ್ಡಾಯ ನಿಷೇಧ ಮೇಲ್ವಿಚಾರಕರು ಯಾವ ರಿಯಾಯಿತಿಯನ್ನೂ ಕೊಡದ ಸಂಗತಿಗಳು. ಪೋಸ್ಟಿಂಗ್ ಮುಗಿಯುವ ಎರಡು ದಿನ ಮೊದಲೇ ಹಿರಿಯರಿಗೆ ತಿಳಿಸಬೇಕು. ಹೇಳದೆ ಹೋದರೆ ಮಕ್ಕಳು ಬಿಟ್ಟುಹೋದ ನೋವೇ ಅವರಿಗೆ ಮರುಕಳಿಸುತ್ತದೆ. ಪೋಸ್ಟಿಂಗಿನ ಅವಧಿಯಲ್ಲೇ ಯಾರಾದರೂ ತೀರಿಕೊಂಡರೆ ಆ ದಿನ ಟ್ಯೂಟರ್ ಉಳಿದ ಪಾಠ ಬದಿಗಿಟ್ಟು ವಿದ್ಯಾರ್ಥಿಗಳೊಡನೆ ಕೂರಬೇಕು. ಹಲವರಿಗೆ ಅದು ಕಣ್ಣಾರೆ ಕಂಡ ಮೊದಲ ಸಾವು.

ಮೌಲ್ಯಮಾಪನ

ಅಂಕಗಳಿಗೆ ಸಾಮಾನ್ಯವಾಗಿ ಕೇಸ್ ಸ್ಟಡಿ, ನರ್ಸಿಂಗ್ ಕೇರ್ ಪ್ಲಾನ್, ಆರೋಗ್ಯ ಶಿಕ್ಷಣದ ಒಂದು ಮಾತು, ಭೇಟಿಯ ವರದಿ ಮತ್ತು ಲಾಗ್ ಬುಕ್ ಆಧಾರ. ಹಿಂದಿನ ಬ್ಯಾಚಿನ ಕೇರ್ ಪ್ಲಾನ್ ನಕಲು ಮಾಡುವುದು ಎಲ್ಲರಿಗೂ ಗೊತ್ತಿರುವ ಪಿಡುಗು. ಬರಹವನ್ನು ಓದುವ ಬದಲು ಮಂಚದ ಬಳಿಯೇ “ಈ ಅಜ್ಜಿಗೆ ಇವತ್ತು ಏನು ಬದಲಾಗಿದೆ?” ಎಂದು ಕೇಳಿದರೆ ನಕಲು ನಿಲ್ಲುತ್ತದೆ. ತಪ್ಪನ್ನು ಹಿರಿಯರ ಎದುರಲ್ಲಿ ಗದರಿ ಹೇಳಬಾರದು. ಅಪಾಯವಿದ್ದರೆ ಮಾತ್ರ ತಕ್ಷಣ ಕೈತಡೆದು, ಉಳಿದದ್ದನ್ನು ಹೊರಗೆ ಬಂದು ಹೇಳಬೇಕು. ಕಲಿಕೆಯ ಪರಿಸರವನ್ನು ವಿದ್ಯಾರ್ಥಿಗಳೇ ಅಳೆಯಲು ಫಿನ್ಲೆಂಡಿನ ಮಿಕ್ಕೊ ಸಾರಿಕೊಸ್ಕಿ ರೂಪಿಸಿದ ಪ್ರಶ್ನಾವಳಿ ಅನೇಕ ದೇಶಗಳಲ್ಲಿ ಬಳಕೆಯಲ್ಲಿದೆ. ಮೇಲ್ವಿಚಾರಣೆಯ ಸಂಬಂಧ ಅದರಲ್ಲಿ ಮುಖ್ಯ ಭಾಗ.

ಇತರ ಕಡೆಯ ಮಾದರಿಗಳು

ಆಸ್ಪತ್ರೆಗೆ ವೈದ್ಯಕೀಯ ಕಾಲೇಜು ಜೋಡಿಸಿದಂತೆ ವೃದ್ಧಾಶ್ರಮಕ್ಕೆ ನರ್ಸಿಂಗ್ ಕಾಲೇಜು ಜೋಡಿಸುವ ಪ್ರಯೋಗವನ್ನು ಅಮೆರಿಕದ ರಾಬರ್ಟ್ ವುಡ್ ಜಾನ್ಸನ್ ಪ್ರತಿಷ್ಠಾನ 1982ರಿಂದ 1987ರವರೆಗೆ ನಡೆಸಿತು. ನಾರ್ವೆ 1990ರ ದಶಕದ ಕೊನೆಯಲ್ಲಿ ಬೋಧನಾ ವೃದ್ಧಾಲಯಗಳನ್ನು ಆರಂಭಿಸಿ ಮುಂದೆ ಸ್ಥಿರಗೊಳಿಸಿತು. ಬ್ರಿಟನ್ನಿನ ನರ್ಸಿಂಗ್ ಮತ್ತು ಮಿಡ್‌ವೈಫರಿ ಕೌನ್ಸಿಲ್ 2018ರ ಮಾನದಂಡಗಳಲ್ಲಿ ಕಲಿಸುವವರನ್ನೂ ಅಂಕ ಕೊಡುವವರನ್ನೂ ಬೇರ್ಪಡಿಸಿತು. ಜರ್ಮನಿಯಲ್ಲಿ 2020ರಿಂದ ಜಾರಿಯಲ್ಲಿರುವ ಕಾಯಿದೆ, ಪ್ರಾಯೋಗಿಕ ತರಬೇತಿಯ ಕನಿಷ್ಠ ಶೇ. 10 ಭಾಗವನ್ನು ಅದಕ್ಕೆಂದೇ ತರಬೇತಾದ ಮಾರ್ಗದರ್ಶಕರ ಜೊತೆಯಲ್ಲಿ ಕಳೆಯಬೇಕೆಂದು ವಿಧಿಸುತ್ತದೆ. ವೃದ್ಧರ ದೀರ್ಘಕಾಲೀನ ಆರೈಕೆ ಅಲ್ಲಿ ಎಲ್ಲ ನರ್ಸ್‌ಗಳಿಗೂ ಕಡ್ಡಾಯ. ತೆಲಂಗಾಣ ಸರ್ಕಾರದ ವಿದೇಶಿ ಉದ್ಯೋಗ ಸಂಸ್ಥೆ ಟಾಮ್‌ಕಾಮ್ ನರ್ಸ್‌ಗಳನ್ನು ಜರ್ಮನಿ, ಜಪಾನ್‌ಗಳಿಗೆ ಕಳಿಸುತ್ತಿರುವುದರಿಂದ ಹೈದರಾಬಾದಿನ ವಿದ್ಯಾರ್ಥಿಗಳಿಗೆ ಇದು ದೂರದ ಸುದ್ದಿಯಲ್ಲ. ಅಲ್ಲಿ ಅವರಲ್ಲಿ ಅನೇಕರನ್ನು ಕಾಯುತ್ತಿರುವುದು ಹಿರಿಯರ ಆರೈಕೆಯೇ.

ಕರ್ನಾಟಕದಲ್ಲಿ 1998ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಕಸ್ತೂರಿನಗರದಲ್ಲಿ ಡಿಮೆನ್ಷಿಯಾ ಕೇಂದ್ರ ನಡೆಸುತ್ತಿದ್ದು, ಆರೈಕೆಯವರಿಗೆ ತರಬೇತಿಯನ್ನೂ ಕೊಡುತ್ತದೆ. ಆರೈಕೆ ಮತ್ತು ಕಲಿಕೆ ಒಂದೇ ಸೂರಿನಡಿ ಇರಬಹುದೆಂಬುದಕ್ಕೆ ಇದು ಹತ್ತಿರದ ನಿದರ್ಶನ.

ಸಮಸ್ಯೆಗಳು

ಮುಖ್ಯ ದೂರು ಎರಡು ಕಡೆಯವರ ಮೇಲೂ ಇದೆ. “ನಾಳೆ ಆಯಾ ರಜೆ, ಇಬ್ಬರು ಹುಡುಗಿಯರನ್ನು ಈ ಕಡೆ ಬಿಡಿ ಮೇಡಂ” ಎನ್ನುವ ಆಶ್ರಮಗಳು ವಿದ್ಯಾರ್ಥಿಗಳನ್ನು ಸಂಬಳವಿಲ್ಲದ ಕೆಲಸದವರೆಂದು ಎಣಿಸುತ್ತವೆ. ಕಾಲೇಜುಗಳಲ್ಲಿ ಕೆಲವು ಬಸ್ಸಿನಲ್ಲಿ ಇಡೀ ತರಗತಿಯನ್ನು ಕರೆದೊಯ್ದು, ಹಣ್ಣು ಹಂಚಿ, ಹಾಡು ಹೇಳಿಸಿ, ಗುಂಪು ಫೋಟೊ ತೆಗೆಸಿ ವರದಿ ಬರೆಸುತ್ತವೆ. ಎರಡರಲ್ಲೂ ನರ್ಸಿಂಗ್ ಕಲಿಕೆಯಿಲ್ಲ. ಮೊದಲ ವರ್ಷದಲ್ಲೇ ಸ್ನಾನ, ಹಾಸಿಗೆ ಕೆಲಸಕ್ಕಷ್ಟೇ ಕಳಿಸಿದರೆ, ವೃದ್ಧರ ಆರೈಕೆಗೆ ಜಾಣ್ಮೆ ಬೇಡವೆಂಬ ಭಾವನೆ ಬೇರೂರುತ್ತದೆ; ಪದವಿ ಮುಗಿದ ಮೇಲೆ ಆ ಕಡೆ ತಿರುಗಿ ನೋಡುವವರು ಕಡಿಮೆ. ಹಾಗಾಗಿ ರೋಗಲಕ್ಷಣ ಓದಿಕೊಂಡ ಎರಡನೆಯ ವರ್ಷದ ನಂತರ, ದಿನಾ ಒಂದೇ ಹಿರಿಯರನ್ನು ನೋಡಿಕೊಳ್ಳುವಂತೆ ಪೋಸ್ಟಿಂಗ್ ಹಾಕುವುದು ಲೇಸು.

ಪೋಸ್ಟಿಂಗಿಗೆ ಜಾಗ ಆರಿಸುವ ಪ್ರಾಂಶುಪಾಲರು ಆಶ್ರಮದ ಕಟ್ಟಡ, ಹಾಸಿಗೆಗಳ ಸಂಖ್ಯೆ ನೋಡುವ ಮೊದಲು ಒಂದು ಪ್ರಶ್ನೆಗೆ ಉತ್ತರ ಪಡೆಯಬೇಕು: ವಿದ್ಯಾರ್ಥಿಗಳು ಇರುವಷ್ಟು ಹೊತ್ತೂ ಒಬ್ಬ ನೋಂದಾಯಿತ ನರ್ಸ್, ಕಾಲೇಜಿನವರಾಗಲಿ ಆಶ್ರಮದವರಾಗಲಿ, ಅದೇ ಮಹಡಿಯಲ್ಲಿ ಇರುತ್ತಾರೆಯೇ? ಇಲ್ಲವೆಂದಾದರೆ ಅಲ್ಲಿಗೆ ಕಳಿಸದಿರುವುದೇ ಹಿರಿಯರಿಗೂ ಕಲಿಯುವವರಿಗೂ ಕ್ಷೇಮ.